ಗಂಗವಾಡಿ 96000: ನಾಡಿನ ಹೆಸರಿಗಂಟಿದ ಸಂಖ್ಯೆ ಏನನ್ನು ಎಣಿಸುತ್ತದೆ?

ಹೋದ ತಿಂಗಳು ಮೇಷ್ಟ್ರೊಬ್ಬರು ಫೋನ್ ಮಾಡಿದ್ದರು. ಕಪಿಲಾ ನದಿಯ ಕಡೆಯ ಒಂದು ಊರಿನವರು, ಪ್ರಾಥಮಿಕ ಶಾಲೆಯಲ್ಲಿದ್ದು ನಿವೃತ್ತರಾದವರು. ಊರಿನ ಹೆಸರು ಬೇಡ. ಏಳೆಂಟು ವರ್ಷದ ಹಿಂದೆ ಅಲ್ಲಿನ ದೇವಸ್ಥಾನದ ಮುಂದಿರುವ ಶಾಸನವನ್ನು ನಾನು ಊರಿನವರಿಗೆ ಓದಿ ಹೇಳಿದ್ದೆ. ಪಕ್ಕದಲ್ಲೊಂದು ಫಲಕ ಹಾಕಿಸುತ್ತೇವೆ ಅಂದಾಗ ನಾಲ್ಕು ಸಾಲು ಬರೆದೂ ಕೊಟ್ಟಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಸಾವಿರ ವರ್ಷಗಳ ಹಿಂದೆ ಒಂದು ಸಾವಿರ ಜನಸಂಖ್ಯೆಯಿದ್ದ ನಾಡಿಗೆ ಈ ಊರು ಸೇರಿತ್ತು.’

“ಸಾರ್, ನಾನು ಎರಡು ಸಲ ಜನಗಣತಿ ಡ್ಯೂಟಿ ಮಾಡಿದೀನಿ. ಮನೆಮನೆ ತಿರುಗಿ ಎಣಿಸಿದ್ರೆ ಸರಿಯಾಗಿ ಸಾವಿರ ಅಂತ ಎಲ್ಲೂ ಬರಲ್ಲ. ಒಂಬೈನೂರ ಎಂಬತ್ತೇಳು ಬರತ್ತೆ, ಸಾವಿರದ ನಲವತ್ತೊಂದು ಬರತ್ತೆ. ಈ ಸಾವಿರ ಹೆಂಗೆ ಬಂತು? ಹೆಂಗಸರು ಮಕ್ಕಳೂ ಸೇರಿನಾ?” ಅಂತ ಅವರು ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಲ್ಲಿನ ಮೇಲೆ ಇದ್ದದ್ದು ನಾಡಿನ ಹೆಸರು, ಅದಕ್ಕೆ ಅಂಟಿಕೊಂಡಂತೆ ‘ಸಾಸಿರ’ ಎಂಬ ಪದ, ಅಷ್ಟೇ. ‘ಜನಸಂಖ್ಯೆ’ ಅನ್ನುವುದು ಶಾಸನದ ಮಾತಲ್ಲ, ನನ್ನ ಸೇರ್ಪಡೆ. ಊರಿನವರಿಗೆ ಅರ್ಥವಾಗಲಿ ಎಂದು ಸೇರಿಸಿದ್ದೆ. ಅದು ಬಣ್ಣದ ಅಕ್ಷರದಲ್ಲಿ ಏಳೆಂಟು ವರ್ಷ ಬಿಸಿಲಲ್ಲಿ ನಿಂತಿದೆ. ಎಷ್ಟು ಮಕ್ಕಳು ಅದನ್ನು ಓದಿ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದಾರೋ. ತಪ್ಪು ನನ್ನದಾದ್ದರಿಂದ ಈ ಬರಹವನ್ನೂ ನಾನೇ ಬರೆಯಬೇಕಾಯಿತು.

ಸಂಖ್ಯೆಗಳ ಸಾಲು

ಶಾಸನ ಓದುವವರಿಗೆ ಇವು ಹೊಸವಲ್ಲ. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000, ಸಾಂತಳಿಗೆ 1000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ನಾಗರಖಂಡ 70. ಇನ್ನೂ ಕೆಳಕ್ಕೆ ಬಂದರೆ ಬೆಂಪೂರು 12, ಆತುಕೂರು 12. ಇದರ ಜೊತೆಗೆ ಚೋಳರ ಶಾಸನಗಳಲ್ಲಿ ರಟ್ಟಪಾಡಿ ಏಳೂವರೆ ಲಕ್ಷ ಅಂತ ಬರುತ್ತದೆ.

ಈ ಸಂಖ್ಯೆ ಏನು ಎಂಬುದಕ್ಕೆ ನಾಲ್ಕು ಉತ್ತರಗಳು ಬಹಳ ಹಿಂದಿನಿಂದ ಓಡಾಡುತ್ತಿವೆ: ಹಳ್ಳಿಗಳ ಲೆಕ್ಕ, ಜನರ ಲೆಕ್ಕ, ನಾಡು ಒದಗಿಸಬೇಕಾದ ಯೋಧರ ಲೆಕ್ಕ, ಕಂದಾಯದ ಲೆಕ್ಕ. ವಾಟ್ಸಾಪಿನಲ್ಲಿ ‘ಗಂಗರ ಕಾಲದಲ್ಲಿ ನಮ್ಮಲ್ಲಿ 96 ಸಾವಿರ ಹಳ್ಳಿಗಳಿದ್ದವು’ ಎಂಬ ಸಂದೇಶ ನಿಮಗೂ ಬಂದಿರಬಹುದು. ಒಂದೊಂದನ್ನೂ ಲೆಕ್ಕ ಹಾಕಿಯೇ ನೋಡೋಣ.

ಮೊದಲು ಹಳ್ಳಿಗಳು. ಹಳೆಯ ಮೈಸೂರು ಸಂಸ್ಥಾನದ ವಿಸ್ತೀರ್ಣ ಸುಮಾರು 29 ಸಾವಿರ ಚದರ ಮೈಲಿ. 1901ರ ಗಣತಿಯಲ್ಲಿ ಅಲ್ಲಿದ್ದ ಹಳ್ಳಿಗಳು ಸುಮಾರು 17 ಸಾವಿರ. ಬೀದರಿನಿಂದ ಚಾಮರಾಜನಗರದವರೆಗೆ ಇವತ್ತಿನ ಇಡೀ ಕರ್ನಾಟಕದಲ್ಲೂ 2011ರ ಗಣತಿಯಂತೆ ಹಳ್ಳಿಗಳು 30 ಸಾವಿರ ಮುಟ್ಟುವುದಿಲ್ಲ. ಗಂಗವಾಡಿಗೆ ಇಡೀ ಹಳೆಯ ಮೈಸೂರಿನಷ್ಟೇ ನೆಲ ಕೊಟ್ಟರೂ 96 ಸಾವಿರ ಹಳ್ಳಿ ಹಿಡಿಸಲು ಚದರ ಮೈಲಿಗೆ ಮೂರಕ್ಕಿಂತ ಹೆಚ್ಚು ಹಳ್ಳಿ ಬೇಕು. ಕಾಡು, ಬೆಟ್ಟ, ಕೆರೆ, ಹೊಲ ಎಲ್ಲಿ ಇಡುವುದು?

ಆದರೆ ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯನ್ನು 99 ಸಾವಿರ ಗ್ರಾಮಗಳಿದ್ದ ಮೂರು ಮಹಾರಾಷ್ಟ್ರಕಗಳ ಒಡೆಯ ಎಂದು ಹೊಗಳುತ್ತಾನೆ. ಅಲ್ಲಿ ‘ಗ್ರಾಮ’ ಎಂಬ ಪದವೇ ಇದೆ. ಹಾಗಾಗಿ ದೊಡ್ಡ ಸಂಖ್ಯೆಯನ್ನು ಹಳ್ಳಿ ಎಂದು ಓದುವ ಅಭ್ಯಾಸ ನಮ್ಮ ಕಾಲದ್ದಲ್ಲ, ಅದು 7ನೇ ಶತಮಾನದಲ್ಲೇ ಇತ್ತು. ಆದರೆ ಅದು ಪ್ರಶಸ್ತಿಕಾವ್ಯ. ತನ್ನನ್ನು ಕಾಳಿದಾಸ-ಭಾರವಿಗಳ ಸಾಲಿಗೆ ಸೇರಿಸಿಕೊಂಡ ಕವಿ ರಾಜನ ಹಳ್ಳಿಗಳನ್ನು ಎಣಿಸಿ ಬರೆದ ಎಂದು ನಂಬಬೇಕಿಲ್ಲ.

ಇನ್ನು ಜನರು. 29 ಸಾವಿರ ಚದರ ಮೈಲಿಯಲ್ಲಿ 96 ಸಾವಿರ ಜನ ಅಂದರೆ ಮೈಲಿಗೆ ಮೂರೇ ಜನ. ಆ ಜನಬಲದಲ್ಲಿ ತಲಕಾಡಿನಂಥ ರಾಜಧಾನಿ, ಕೆರೆಕಟ್ಟೆಗಳು, ಬಸದಿಗಳು, ವರ್ಷವರ್ಷವೂ ಯುದ್ಧ ಎಲ್ಲ ನಡೆಯಿತು ಎಂದರೆ ನಂಬಲಾಗದು. ಹಳ್ಳಿಗೆ ಸಂಖ್ಯೆ ತೀರಾ ಹೆಚ್ಚು, ಜನಕ್ಕೆ ತೀರಾ ಕಡಿಮೆ.

ಯೋಧರ ಲೆಕ್ಕ ಎಂಬ ಮಾತಿಗೆ ಕೇರಳದ ಕಡೆಯಿಂದ ಸ್ವಲ್ಪ ಬೆಂಬಲವಿದೆ. ಕೊಲ್ಲಂನ 9ನೇ ಶತಮಾನದ ತರಿಸಾಪಳ್ಳಿ ತಾಮ್ರಪಟಗಳಲ್ಲಿ ವೇಣಾಡಿನ ‘ಅರುನೂರ್ವರು’ ಕಾವಲಿನ ಹೊಣೆ ಹೊತ್ತವರಾಗಿ ಬರುತ್ತಾರೆ. ಆದರೆ ಅದು ಒಂದು ಕೂಟದ ಹೆಸರು, ನಮ್ಮದು ನೆಲದ ಹೆಸರು. ಗಂಗರ ತಾಮ್ರಪಟಗಳ ಕೊನೆಯಲ್ಲಿ ದಾನಕ್ಕೆ ಸಾಕ್ಷಿಯಾಗಿ ತೊಂಬತ್ತಾರು ಸಾವಿರದ ವಿಷಯದ ಪ್ರಜೆಗಳನ್ನು ಹೇಳುವುದುಂಟು. ಗಮನಿಸಿ, ಅದು ‘ತೊಂಬತ್ತಾರು ಸಾವಿರ ಪ್ರಜೆಗಳು’ ಅಲ್ಲ, ‘ತೊಂಬತ್ತಾರು ಸಾವಿರ’ ಎಂಬ ವಿಷಯದ, ಎಂದರೆ ನಾಡಿನ, ಪ್ರಜೆಗಳು. ಆ ಸಮಾಸದಲ್ಲಿ ಸಂಖ್ಯೆ ಅಂಟಿಕೊಂಡಿರುವುದು ನಾಡಿಗೆ, ಜನಕ್ಕಲ್ಲ.

ಉಳಿದದ್ದು ಕಂದಾಯ. ಒಂದು ಕಾಲದಲ್ಲಿ ನಾಡಿನ ಹುಟ್ಟುವಳಿಗೆ ಕಟ್ಟಿದ ಅಂದಾಜು ಇದಾಗಿರಬಹುದು ಎನ್ನುವ ವಿದ್ವಾಂಸರಿದ್ದಾರೆ, ನನಗೂ ಆ ಕಡೆಗೇ ಒಲವು. ಒಂದು ಕಾರಣ ಸಂಖ್ಯೆಗಳ ಅಚ್ಚುಕಟ್ಟು. 32 ಸಾವಿರದ ಮೂರರಷ್ಟು 96 ಸಾವಿರ, 12 ಸಾವಿರದ ಎಂಟರಷ್ಟೂ 96 ಸಾವಿರವೇ. ಎಣಿಸಿ ಪಡೆದ ಸಂಖ್ಯೆಗಳು ಹೀಗೆ ಒಂದರೊಳಗೊಂದು ಕೂರುವುದಿಲ್ಲ, ಮೇಲಿನಿಂದ ಗೊತ್ತುಮಾಡಿದವು ಕೂರುತ್ತವೆ. ಮೇಷ್ಟ್ರ ಅನುಮಾನವೂ ಇದೇ ತಾನೆ!

ಎರಡನೆಯ ಕಾರಣ, ಸಂಖ್ಯೆ ಬದಲಾಗುವುದೇ ಇಲ್ಲ. ಗಂಗರು ಹೋಗಿ 11ನೇ ಶತಮಾನದ ಆರಂಭದಲ್ಲಿ ಚೋಳರು ಬಂದರು, ತಲಕಾಡು ರಾಜರಾಜಪುರವಾಯಿತು, ನಾಡಿಗೆ ಮುಡಿಗೊಂಡಚೋಳಮಂಡಲ ಎಂಬ ಹೆಸರು ಬಿತ್ತು. 1116ರ ಸುಮಾರಿಗೆ ವಿಷ್ಣುವರ್ಧನ ತಲಕಾಡನ್ನು ಗೆದ್ದ. ಇಷ್ಟೆಲ್ಲ ಆದಮೇಲೂ ಹೊಯ್ಸಳ ಶಾಸನಗಳಲ್ಲಿ ಗಂಗವಾಡಿ ತೊಂಬತ್ತಾರು ಸಾವಿರವೇ. ಅಷ್ಟು ಹೊತ್ತಿಗೆ ಅದು ಯಾವ ಲೆಕ್ಕವೂ ಅಲ್ಲ, ಬರೀ ಹೆಸರು. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎರಡನ್ನೂ ಸೇರಿಸಿ ‘ಎರಡರುನೂರು’ ಎಂದೇ ಕರೆದದ್ದೂ ಹೀಗೆಯೇ. ನಾಡಿನ ಹೆಸರು ಬಿದ್ದುಹೋಗಿ ಸಂಖ್ಯೆಯೇ ಉಳಿಯಿತು. ಅಯ್ಯಾವೊಳೆ ಐನೂರ್ವರನ್ನು ನೆನೆಸಿಕೊಳ್ಳಿ. ಐಹೊಳೆಯ ಹೆಸರಿನ ಆ ವರ್ತಕ ಸಂಘ ದಕ್ಷಿಣ ಭಾರತವೆಲ್ಲ ಹಬ್ಬಿ ಸುಮಾತ್ರದವರೆಗೆ ಹೋಯಿತು. ಶತಮಾನ ಕಳೆದರೂ ಅವರು ಐನೂರ್ವರೇ, ಐನೂರ ಒಂದನೆಯವನು ಸೇರಲೇ ಇಲ್ಲ!

ಹದಿನಾರು ಅಂದರೆ ಹದಿನಾರಲ್ಲ

ನಮ್ಮ ಮೈಸೂರಿನ ಪಕ್ಕದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ನಂಜನಗೂಡು ತಾಲ್ಲೂಕಿನಲ್ಲಿ, ಕಪಿಲೆಯ ಕಡೆ, ಹದಿನಾರು ಎಂಬ ಊರಿದೆ. ಕೇಳಿದವರೆಲ್ಲ ಅದನ್ನು 16 ಎಂದೇ ತಿಳಿಯುತ್ತಾರೆ.

ಈ ಸೀಮೆಯ ಹಳೆಯ ಹೆಸರು ಪುನ್ನಾಡು, ಸಂಸ್ಕೃತದಲ್ಲಿ ಪುನ್ನಾಟ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು, ಅಂದರೆ ಹಳೆಯ ಕೀರ್ತಿಪುರ, ಅದರ ರಾಜಧಾನಿ. 2ನೇ ಶತಮಾನದ ಟಾಲೆಮಿಯ ಭೂಗೋಳದಲ್ಲೂ ಈ ನಾಡು ಬರುತ್ತದೆ, ಅಲ್ಲಿ ಬೆರಿಲ್ ಹರಳು ಸಿಗುತ್ತದೆ ಎಂಬ ಮಾತಿನ ಜೊತೆಗೆ. ಶಾಸನಗಳಲ್ಲಿ ಇದು ಪುನ್ನಾಡು ಹತ್ತುಸಾವಿರ. ಈ ಹತ್ತುಸಾವಿರವೇ ಮುಂದೆ ‘ಪದಿನಾಡು’, ಎಂದರೆ ಹತ್ತು ನಾಡುಗಳ ಸೀಮೆ, ಎಂದಾಗಿ, ಪಕಾರ ಹಕಾರವಾಗಿ ಹದಿನಾಡು, ಅದೂ ಸವೆದು ಹದಿನಾರು ಆಯಿತು ಎಂದು ಬಿ.ಎಲ್. ರೈಸ್ ಊಹಿಸಿದರು. ಯದುರಾಯ-ಕೃಷ್ಣರಾಯರ ಕಥೆಯಲ್ಲಿ ಬರುವ ಹದಿನಾಡು ಇದೇ. ಯಳಂದೂರಿನ ಪಾಳೆಯಗಾರರೂ ಹದಿನಾಡಿನವರೆಂದೇ ಹೆಸರಾಗಿದ್ದರು.

ರೈಸರ ಊಹೆ ಸರಿಯಾದರೆ ನಡುವೆ ಒಂದು ಮೆಟ್ಟಿಲು ಕಾಣಿಸುತ್ತದೆ. ಹತ್ತುಸಾವಿರ ಅಂದರೆ ಹತ್ತು ನಾಡು, ಒಂದೊಂದು ನಾಡೂ ಒಂದು ‘ಸಾಸಿರ’. ನನ್ನ ಮೇಷ್ಟ್ರ ಊರಿನ ಸಾಸಿರವೂ ಇಂಥ ಒಂದು ಘಟಕ. ಅದನ್ನು ‘ಸಾವಿರ ಜನ’ ಎನ್ನುವುದು ಹದಿನಾರನ್ನು 16 ಎಂದಷ್ಟೇ ಸರಿ.

ಹನ್ನೆರಡು ಮಾತ್ರ ಹನ್ನೆರಡೇ

ಹಾಗಾದರೆ ಎಲ್ಲ ಸಂಖ್ಯೆಯೂ ಬರೀ ಹೆಸರೇ? ಅಲ್ಲ. ಸಂಖ್ಯೆ ಚಿಕ್ಕದಾದಷ್ಟೂ ಅದು ನೆಲಕ್ಕೆ ಹತ್ತಿರವಾಗುತ್ತದೆ.

ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ದೊಡ್ಡ ವೀರಗಲ್ಲು ಇದೆ, 9ನೇ ಶತಮಾನದ ಕೊನೆಯದು. ಗಂಗ ಎರೆಯಪ್ಪನ ಪರವಾಗಿ ಕಾದಿ ಸತ್ತ ನಾಗತ್ತರನ ಕಲ್ಲು. ಅವನ ನಂತರ ಇರುಗನಿಗೆ ಬೆಂಪೂರು ಹನ್ನೆರಡನ್ನು ಕೊಟ್ಟಾಗ ಶಾಸನ ಸಂಖ್ಯೆ ಹೇಳಿ ಸುಮ್ಮನಾಗುವುದಿಲ್ಲ, ಊರುಗಳ ಹೆಸರನ್ನೇ ಸಾಲಾಗಿ ಬರೆಯುತ್ತದೆ. ಇಗ್ಗಲೂರು, ನಲ್ಲೂರು ಹೀಗೆ. ಬೆಂಪೂರು ಅಂದರೆ ಬೇಗೂರೇ. ಕೆಲವು ಹೆಸರುಗಳ ಗುರುತು ಇವತ್ತಿಗೂ ಬೆಂಗಳೂರಿನ ದಕ್ಷಿಣದ ಊರುಗಳಲ್ಲಿ ಸಿಗುತ್ತದೆ. ಇದು ಓಡಾಡಿ ನೋಡಬಹುದಾದ ಲೆಕ್ಕ.

ಅದೇ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ಇನ್ನೂ ಉಪಯುಕ್ತ. ಮದ್ದೂರು ತಾಲ್ಲೂಕಿನ ಊರು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ಬೂತುಗ ತನ್ನ ಪರವಾಗಿ ಕಾದಿದ ಮಣಲೆರನಿಗೆ ಬಾಳ್ಗಚ್ಚಾಗಿ ಆತುಕೂರು 12ನ್ನು ಕೊಟ್ಟ. ಬಾಳ್ಗಚ್ಚು ಅಂದರೆ ಕತ್ತಿ ತೊಳೆದು ಕೊಡುವ ಕೊಡುಗೆ. ಮಣಲೆರ ಬೂತುಗನನ್ನು ಕೇಳಿ ಪಡೆದಿದ್ದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಆ ನಾಯಿಗಾಗಿ ಚೆಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಎರಡು ಖಂಡುಗ ಭೂಮಿ ಬಿಟ್ಟರು.

ಒಂದೇ ಕಲ್ಲಿನಲ್ಲಿ ಮೇಲಿನಿಂದ ಕೆಳಕ್ಕೆ ಇಡೀ ಏಣಿ ಇದೆ. ಚಕ್ರವರ್ತಿಯಿಂದ ಸಾಮಂತನಿಗೆ ಸಾವಿರಗಳ, ನೂರುಗಳ ನಾಡು. ಸಾಮಂತನಿಂದ ಯೋಧನಿಗೆ ಹನ್ನೆರಡು ಊರು. ಕೊನೆಗೆ ನಾಯಿಯ ಕಲ್ಲಿಗೆ ಎರಡು ಖಂಡುಗ ಬಿತ್ತನೆಯ ಮಣ್ಣು. 12000ದ ಎಲ್ಲೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಎರಡು ಖಂಡುಗದ ಎಲ್ಲೆಯನ್ನು ಮಾತ್ರ ಊರಿನವರೆಲ್ಲ ಬಲ್ಲರು.

ನಾಡನ್ನು ನಡೆಸಿದವರು

ಆಡಳಿತವೂ ಈ ಏಣಿಯಂತೆಯೇ ಇತ್ತು. ತುದಿಯಲ್ಲಿ ಮಹಾಸಾಮಂತ. ನಾಡಿಗೆ ನಾಳ್ಗಾವುಂಡ, ಊರಿಗೆ ಊರ್ಗಾವುಂಡ, ಲೆಕ್ಕಕ್ಕೆ ಸೇನಬೋವ, ಮೇಲುಸ್ತುವಾರಿಗೆ ಪೆರ್ಗಡೆ. ಗಾವುಂಡ ಗೌಡನಾದ, ಸೇನಬೋವ ಶಾನುಭೋಗನಾದ, ಪೆರ್ಗಡೆ ಹೆಗ್ಗಡೆಯಾದ. ಮನೆತನಗಳ ಹೆಸರಾಗಿ ಇವರೆಲ್ಲ ಇನ್ನೂ ನಮ್ಮ ನಡುವೆ ಇದ್ದಾರೆ.

ನಾಳ್ಗಾವುಂಡನ ಕೆಲಸ ಎಂಥದ್ದೆಂಬುದಕ್ಕೆ ನನಗೆ ಮೊದಲು ನೆನಪಾಗುವುದು ಗಂಡಸಲ್ಲ, ಜಕ್ಕಿಯಬ್ಬೆ. 10ನೇ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ ಹೇಳುವಂತೆ, ನಾಗರಖಂಡ 70ರ ನಾಳ್ಗಾವುಂಡ ನಾಗಾರ್ಜುನ ತೀರಿಕೊಂಡಾಗ ಆ ಪದವಿಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಆಕೆ ಎಪ್ಪತ್ತನ್ನು ದಕ್ಷತೆಯಿಂದ ಆಳಿದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹಬಿಟ್ಟಳು. ಎಪ್ಪತ್ತು ಊರಿನ ನಾಡನ್ನು ಒಬ್ಬಳು ಆಳಬಹುದು, ಊರೂರು ತಿರುಗಬಹುದು, ಗಾವುಂಡರನ್ನು ಹೆಸರು ಹಿಡಿದು ಕರೆಯಬಹುದು. 96 ಸಾವಿರವನ್ನು ಆಳುವುದು ಅಂದರೆ ಇಂಥ ಎಪ್ಪತ್ತುಗಳನ್ನು ನಂಬುವುದು, ಬೇರೆ ದಾರಿ ಇರಲಿಲ್ಲ.

ಹಾಗಾದರೆ ಈ ಆಡಳಿತ ಎಣಿಸಿದ್ದೇನು? ಅದೂ ಶಾಸನಗಳಲ್ಲೇ ಇದೆ. ಗದ್ದೆಯನ್ನು ಖಂಡುಗ-ಕೊಳಗದಲ್ಲಿ, ಮತ್ತರು-ಕಮ್ಮದಲ್ಲಿ. ಹಣವನ್ನು ಗದ್ಯಾಣ, ಪಣ, ಹಾಗ, ವೀಸದವರೆಗೆ. ಮನೆದೆರೆ, ಮಗ್ಗದೆರೆ, ಗಾಣದೆರೆ, ಕುಂಬಾರದೆರೆ, ಮದುವೆಗೂ ತೆರೆ. ಮನೆ ಎಣಿಸಿದರು, ಮಗ್ಗ ಎಣಿಸಿದರು, ಗಾಣ ಎಣಿಸಿದರು. ಮನೆಯೊಳಗೆ ಎಷ್ಟು ಜನ ಎಂದು ಕೇಳಲಿಲ್ಲ, ತೆರಿಗೆ ಬರುತ್ತಿದ್ದದ್ದು ಮನೆಯಿಂದ, ತಲೆಯಿಂದಲ್ಲ. ಜನರನ್ನು ಹೇಳಬೇಕಾದಾಗ ‘ಒಕ್ಕಲು’ ಎಂದರು. ಗಾಣಿಗರ ಕೂಟಕ್ಕೆ ‘ತೆಲ್ಲಿಗರೈವತ್ತೊಕ್ಕಲು’ ಎಂಬ ಹೆಸರಿತ್ತು. ಅಲ್ಲೂ ಐವತ್ತು ಎಂಬುದು ಹೆಸರಾಗಿ ನಿಂತುಬಿಟ್ಟಿತ್ತು.

ಒಕ್ಕಲಿನಿಂದ ತಲೆಗೆ

ಈ ಪದ್ಧತಿ ಬಹಳ ಕಾಲ ಬದಲಾಗಲಿಲ್ಲ. 19ನೇ ಶತಮಾನದ ಮೊದಲ ವರ್ಷಗಳಲ್ಲಿ, ಪೂರ್ಣಯ್ಯನವರು ದಿವಾನರಾಗಿದ್ದಾಗ, ಮೈಸೂರಿನ ಜನಸಂಖ್ಯೆ 21,71,754 ಎಂಬ ಅಂಕಿ ಸಿಗುತ್ತದೆ. ನೋಡಿದರೆ ಒಬ್ಬೊಬ್ಬರನ್ನೂ ಎಣಿಸಿದ ಹಾಗೆ ಕಾಣುತ್ತದೆ, ಅಲ್ಲವೇ? ಆದರೆ ಕುಟುಂಬಗಳ ಲೆಕ್ಕ 4,82,612. ಅದನ್ನು ನಾಲ್ಕೂವರೆಯಿಂದ ಗುಣಿಸಿ ನೋಡಿ, ಒಂದೂ ಹೆಚ್ಚುಕಡಿಮೆ ಇಲ್ಲದೆ 21,71,754. ಎಣಿಸಿದ್ದು ಒಕ್ಕಲನ್ನು, ಜನರನ್ನು ಗುಣಿಸಿ ತೆಗೆದದ್ದು. ಮನೆ ಎಣಿಸುವ ಈ ಕೆಲಸಕ್ಕೆ ಖಾನೇಷುಮಾರಿ ಎಂದು ಹೆಸರು. ಊರಿನ ಶಾನುಭೋಗರೇ ಬರೆದಿಡುತ್ತಿದ್ದರು.

ಮೈಸೂರಿನಲ್ಲಿ ತಲೆ ಎಣಿಸಿದ ಮೊದಲ ಗಣತಿ 1871ರದು: 50,55,412. ಹತ್ತು ವರ್ಷದ ನಂತರ, 1881ರ ಫೆಬ್ರವರಿಯಲ್ಲಿ, ಮತ್ತೆ ಎಣಿಸಿದಾಗ 41,86,188. ಏರಬೇಕಿದ್ದ ಸಂಖ್ಯೆ 8,69,224 ಇಳಿದಿತ್ತು. ನಡುವೆ ಬಂದದ್ದು 1876-78ರ ಬರ, ಇಂದಿಗೂ ಹಳ್ಳಿಗಳ ಹಿರಿಯರು ಧಾತು ಈಶ್ವರದ ಕ್ಷಾಮ ಎನ್ನುವುದು. ಆರರಲ್ಲಿ ಒಬ್ಬರಂತೆ ಸಂಸ್ಥಾನ ಖಾಲಿಯಾಗಿತ್ತು. ಹುಟ್ಟದೇ ಹೋದ ಮಕ್ಕಳ ಲೆಕ್ಕ ಇದರಲ್ಲಿಲ್ಲ. ಬರದ ಸಾಲದ ಹೊರೆಯಲ್ಲಿ ಆಡಳಿತದ ಖರ್ಚು ತಗ್ಗಿಸಲು ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನು ಕೆಲವು ವರ್ಷ ಉಪವಿಭಾಗಗಳನ್ನಾಗಿ ಇಳಿಸಿದರು. 1886ರಲ್ಲಿ ಅವು ಮತ್ತೆ ಜಿಲ್ಲೆಗಳಾದವು.

1881ರ ಆ ಗಣತಿಯ ಮುಖ್ಯಾಧಿಕಾರಿ ಯಾರು ಗೊತ್ತೇ? ಬಿ.ಎಲ್. ರೈಸ್. ಅವರೇ, ನಮ್ಮ ‘ಎಪಿಗ್ರಾಫಿಯ ಕರ್ನಾಟಿಕ’ದ ರೈಸ್. 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಪ್ರಕಟಿಸಿದ್ದವರು, ಎರಡು ವರ್ಷದ ನಂತರ ಸಂಸ್ಥಾನದ ಜನರನ್ನು ಎಣಿಸಿ ವರದಿ ಬರೆದರು. ಆಮೇಲೆ ಊರೂರಿನ ಸುಮಾರು 9 ಸಾವಿರ ಶಾಸನಗಳನ್ನು ಅಚ್ಚಿಗೆ ತಂದರು. ಗಂಗವಾಡಿ 96000 ಎಂದು ಕಲ್ಲಿನಿಂದ ಓದಿದ ಕಣ್ಣೇ 8,69,224ರ ಕೊರತೆಯನ್ನೂ ಕಂಡಿತ್ತು.

ಇದನ್ನು ಯೋಚಿಸಿದಾಗಲೇ ನನ್ನ ಫಲಕದ ತಪ್ಪು ಎಷ್ಟು ದೊಡ್ಡದೆಂದು ನನಗೆ ಅರಿವಾದದ್ದು. ಗಂಗರ ಕಾಲದಲ್ಲೂ ಬರ ಬಂದಿರಬೇಕು, ಊರುಗಳು ಪಾಳುಬಿದ್ದಿರಬೇಕು. ಆದರೂ ಸಾಸಿರ ಸಾಸಿರವಾಗಿಯೇ ಉಳಿಯಿತು, ತೊಂಬತ್ತಾರು ಸಾವಿರ ಒಂದೂ ಕಡಿಮೆಯಾಗಲಿಲ್ಲ. ಆ ಸಂಖ್ಯೆಗೆ ಸಾವು ತಟ್ಟುವುದಿಲ್ಲ. ಅದನ್ನು ಜನಸಂಖ್ಯೆ ಎಂದು ಕರೆದರೆ, ಎಣಿಕೆಗೆ ಸಿಗದೇ ಬದುಕಿ ಸತ್ತವರನ್ನು ಎಣಿಸಿದ್ದೇವೆ ಎಂದು ಸುಳ್ಳು ಹೇಳಿದಂತೆ. ಆ ಜನ ಶಾಸನಗಳಲ್ಲಿ ಸಿಗುವುದು ಬೇರೆ ರೀತಿಯಲ್ಲಿ. ತುರು ಕಾಯುತ್ತ ಸತ್ತವನ ಹೆಸರು, ಕಲ್ಲು ನಿಲ್ಲಿಸಿದ ತಮ್ಮನ ಹೆಸರು, ಸಾಕ್ಷಿ ಹಾಕಿದ ಗಾವುಂಡರ ಹೆಸರು, ಕೊನೆಯಲ್ಲಿ ಕಲ್ಲು ಕಡೆದ ಆಚಾರಿಯ ಹೆಸರು. ಒಬ್ಬೊಬ್ಬರಾಗಿ ಸಿಗುತ್ತಾರೆ, ಮೊತ್ತವಾಗಿ ಸಿಗುವುದಿಲ್ಲ.

ನಿಮ್ಮೂರಿನ ಶಾಸನದಲ್ಲಿ ನಾಡಿನ ಹೆಸರಿನ ಜೊತೆ ಸಂಖ್ಯೆ ಕಂಡರೆ ಎರಡು ಕೆಲಸ ಮಾಡಿ. ಸಂಖ್ಯೆ ನೂರಕ್ಕಿಂತ ಚಿಕ್ಕದಾದರೆ ಅದೇ ಶಾಸನದಲ್ಲಿ ಅಥವಾ ಅಕ್ಕಪಕ್ಕದ ಶಾಸನಗಳಲ್ಲಿ ಊರುಗಳ ಹೆಸರಿದೆಯೇ ಹುಡುಕಿ, ನಕ್ಷೆಯ ಮೇಲೆ ಗುರುತು ಹಾಕಿ. ಅದು ನಿಜವಾದ ಲೆಕ್ಕವಾಗಿರುವ ಸಾಧ್ಯತೆ ಹೆಚ್ಚು. ಸಾವಿರ ದಾಟಿದರೆ ಹೆಸರೆಂದು ಓದಿ, ಬೇರೆ ಶತಮಾನದ ಶಾಸನದಲ್ಲೂ ಅದೇ ಸಂಖ್ಯೆ ಬರುತ್ತದೆಯೇ ನೋಡಿ. ಯಾವುದಕ್ಕೂ ‘ಜನಸಂಖ್ಯೆ’ ಎಂದು ಮಾತ್ರ ಬರೆಯಬೇಡಿ.

ಮೇಷ್ಟ್ರಿಗೆ ವಾಪಸ್ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. “ಹಂಗಾದ್ರೆ ಬೋರ್ಡಲ್ಲಿ ಏನು ಬರೆಸೋದು ಸಾರ್?” ಅಂದರು. ‘ಈ ಊರು ಸಾವಿರ ವರ್ಷಗಳ ಹಿಂದೆ ಸಾಸಿರ ಎಂಬ ಹೆಸರು ಹೊತ್ತ ನಾಡಿಗೆ ಸೇರಿತ್ತು’ ಎಂದು ಬರೆಸಿ, ಅದರ ಕೆಳಗೆ ಶಾಸನದಲ್ಲಿರುವ ಮೂವರು ಗಾವುಂಡರ ಹೆಸರನ್ನೂ ಹಾಕಿಸಿ ಅಂದೆ. ಪೇಂಟರ್ ಸಂತೆಯ ದಿನ ಬರುತ್ತಾನಂತೆ. ಅವನ ಕೂಲಿ ನಾನು ಕೊಡುತ್ತೇನೆ ಎಂದಿದ್ದೇನೆ.